ಬಿಸಿ ರೋಲರ್ ಮುಂದಿನ ದೊಡ್ಡಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಆಗಲೇ ಹಬೆ ಕವಿದಿದೆ. ಇಸ್ತ್ರಿ ಮಾಡುವ ಕಾದ ರೋಲರ್‌ನಿಂದ ಹೊರಬರುವ ಬೆಡ್‌ಶೀಟಿನ ಒಂದು ತುದಿಯನ್ನು ದೊಡ್ಡಕ್ಕ ಹಿಡಿಯುತ್ತಾಳೆ, ಇನ್ನೊಂದನ್ನು ಗಿಣಿ. ಎಳೆದು, ಒದರಿ, ಎದುರುಬದುರು ನಡೆದು ಮಡಿಸುತ್ತಾರೆ. ಗಿಣಿಯ ಬಾಯಿ ನಿಲ್ಲುವುದಿಲ್ಲ. ಆ ಹೆಸರು ಬಂದದ್ದೇ ಹಾಗೆ. "ಇಪ್ಪತ್ತೆರಡು ವರ್ಷದಿಂದ ಇವಳ ಗಂಡನ ಗೊರಕೆ ಕಥೆ ಕೇಳ್ತಿದೀನಿ. ಆ ಮನುಷ್ಯನಿಗಿಂತ ಅವನ ಗೊರಕೆಯೇ ನನಗೆ ಹೆಚ್ಚು ಪರಿಚಯ" ಎನ್ನುತ್ತಾಳೆ ದೊಡ್ಡಕ್ಕ.

ಹದಿನೆಂಟು ಹೆಂಗಸರು, ಒಂಬತ್ತು ಜೋಡಿ, ಜೋಡಿಗೊಂದು ರೋಲರ್, ದಿನಕ್ಕೆ ಸಾವಿರದ ಎಂಟುನೂರು ಶೀಟು. ಇಲ್ಲಿ ಜೋಡಿ ಬದಲಾಗುವುದಿಲ್ಲ. ಎದುರಿನವಳು ಯಾವ ಗಳಿಗೆಯಲ್ಲಿ ಎಳೆಯುತ್ತಾಳೆಂದು ಗೊತ್ತಿಲ್ಲದಿದ್ದರೆ ಬೆರಳು ಸುಟ್ಟಂತೆಯೇ.

ಹೋದ ವರ್ಷ ಗಿಣಿಯ ಎರಡು ಬೆರಳು ರೋಲರ್‌ಗೆ ಸಿಕ್ಕವು. ಕೈ ಒಳಹೋಗದಂತೆ ತಡೆಯುವ ಕಂಬಿ ಮುರಿದು ಎಂಟು ತಿಂಗಳಾಗಿತ್ತು. ಅದಕ್ಕಾಗಿ ಮೂರು ಸಲ ದೂರು ಬರೆದವಳೂ ಅವಳೇ. ಆಡಳಿತ ಕಂಬಿ ಹಾಕಿಸಲಿಲ್ಲ. 'ಅಜಾಗರೂಕತೆ' ಎಂದು ಬರೆದು ಅವಳನ್ನೇ ಕಿತ್ತುಹಾಕಿತು. ಊರಿನ ಗಾಯಗಳನ್ನೆಲ್ಲ ವಾಸಿಮಾಡುವ ಕಟ್ಟಡ ತನ್ನದೇ ನೆಲಮಾಳಿಗೆಯ ಗಾಯವನ್ನು ಬೀದಿಗೆ ತಳ್ಳಿತು.

ಮರುದಿನ ದೊಡ್ಡಕ್ಕನ ಎದುರಿಗೆ ಹೊಸಬಳೊಬ್ಬಳನ್ನು ತಂದು ನಿಲ್ಲಿಸಿದರು. ದೊಡ್ಡಕ್ಕ ತನ್ನ ತುದಿ ಹಿಡಿಯಲೇ ಇಲ್ಲ. ಬಿಸಿ ಶೀಟು ನೆಲಕ್ಕೆ ಬಿತ್ತು. ಮೇಲ್ವಿಚಾರಕ ಕೂಗಾಡಿದ, ನಿನ್ನ ಇಬ್ಬರು ಹೆಣ್ಣುಮಕ್ಕಳ ಓದು ಈ ಕೆಲಸದ ಮೇಲೆಯೇ ನಿಂತಿದೆ, ಮರೆಯಬೇಡ ಎಂದ. ಅಷ್ಟರಲ್ಲಿ ಪಕ್ಕದ ಜೋಡಿ ಕೈಬಿಟ್ಟಿತು, ಅದರಾಚೆಯದೂ ಬಿಟ್ಟಿತು. ಕೊನೆಗೆ ಹೊಸಬಳೂ ಕೈಕಟ್ಟಿ ನಿಂತಳು. "ಆ ಹುಡುಗಿ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಆ ಜಾಗ ಖಾಲಿ ಇರಲಿಲ್ಲ, ಅಷ್ಟೇ" ಎನ್ನುತ್ತಾಳೆ ದೊಡ್ಡಕ್ಕ.

ಒಂಬತ್ತು ದಿನ ರೋಲರ್ ತಿರುಗಲಿಲ್ಲ. ಆಪರೇಷನ್ ಕೋಣೆಯ ಬಟ್ಟೆಯನ್ನು ಮಾತ್ರ ಅವರು ಕೈಯಲ್ಲೇ ಒಗೆದು ಕಳಿಸಿದರು, ಒಂದು ದಿನವೂ ತಪ್ಪಿಸಲಿಲ್ಲ. ಉಳಿದ ರಾಶಿಯನ್ನು ಹೊರಗಿನ ಲಾಂಡ್ರಿಗೆ ಸಾಗಿಸಿ ಎಂದು ಆಡಳಿತ ಹೇಳಿದರೆ ಆಸ್ಪತ್ರೆಯ ಡ್ರೈವರ್‌ಗಳು ಬೀಗದಕೈ ಮೇಜಿನ ಮೇಲಿಟ್ಟು ನಡೆದರು. ನರ್ಸುಗಳು ಬಂದರು, ಅಡುಗೆಯವರು ಬಂದರು, ಮಲಗಿದಲ್ಲಿಂದಲೇ ರೋಗಿಗಳು ಮನವಿಗೆ ಸಹಿ ಹಾಕಿದರು. ಹತ್ತನೆಯ ಬೆಳಿಗ್ಗೆ ಒಂಬತ್ತೂ ರೋಲರ್‌ಗೆ ಹೊಸ ಕಂಬಿ ಬಂತು. ಗಿಣಿಯೂ ಬಂದಳು, ಬಾಗಿಲಿನಿಂದಲೇ ಮಾತಾಡುತ್ತ.

ಅವಳ ಎರಡು ಬೆರಳು ಈಗ ಮಡಚುವುದಿಲ್ಲ, ಕೈ ನಿಧಾನ. ಯಾರೂ ಸಭೆ ಕರೆಯಲಿಲ್ಲ, ಯಾರೂ ಹೇಳಲೂ ಇಲ್ಲ. ಒಂಬತ್ತು ಜೋಡಿಯೂ ಅವಳ ವೇಗಕ್ಕೆ ಇಳಿದವು. ಈಗ ಸಾವಿರದ ಎಂಟುನೂರಕ್ಕೆ ನಿಲ್ಲುವ ಶೀಟಿನ ಲೆಕ್ಕ ಮೊದಲು ದಿನಕ್ಕೆ ಎರಡು ಸಾವಿರ ದಾಟುತ್ತಿತ್ತು.

ಮೇಲ್ವಿಚಾರಕ ಪಟ್ಟಿ ಹಿಡಿದು ಬರುತ್ತಾನೆ, ಕೆಲಸ ನಿಧಾನ ಮಾಡುತ್ತಿರುವವಳು ಯಾರೆಂದು ಕೇಳುತ್ತಾನೆ. ದೊಡ್ಡಕ್ಕ ಕಣ್ಣೆತ್ತುವುದಿಲ್ಲ.

"ಹಾಗೆ ಯಾರೂ ಇಲ್ಲ ಸಾರ್. ನಮ್ಮೆಲ್ಲರ ಸ್ಪೀಡೂ ಇಷ್ಟೇ."