ಚಹಾ ಕುಡಿಯದೆ ಕಾರು ನೋಡುವುದು

ಕಳೆದ ಭಾನುವಾರ ಗಂಗಾವತಿಯಲ್ಲಿ ನನ್ನ ಹೆಂಡತಿ ಒಂದು ಕಪ್ ಚಹಾ ಬೇಡ ಅಂದಳು.

ನಮ್ಮ ಕಡೆಯವರಿಗೆ ಇದರ ಗಾಂಭೀರ್ಯ ಗೊತ್ತಾಗುತ್ತದೆ. ಉಳಿದವರಿಗೆ ಹೇಳುತ್ತೇನೆ. ಕೊಪ್ಪಳ ಜಿಲ್ಲೆಯಲ್ಲಿ ಆಸ್ತಿಗಾಗಿ ಕೇಸು ಹಾಕಿಕೊಂಡ ಅಣ್ಣ ತಮ್ಮಂದಿರು ಕೂಡ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಒಟ್ಟಿಗೆ ಚಹಾ ಕುಡಿಯುತ್ತಾರೆ. ಅಂಥದ್ದರಲ್ಲಿ ಒಬ್ಬರ ಮನೆಗೆ ಹೋಗಿ, ಕುರ್ಚಿಯಲ್ಲಿ ಕೂತು, ಎದುರಿಗೆ ಬಂದ ಕಪ್ಪನ್ನು ಸರಿಸುವುದೆಂದರೆ? ಆ ಮನೆಯವರ ಮುಖ ಸಣ್ಣದಾಯಿತು. ನಾನು ಫ್ಯಾನ್ ನೋಡುತ್ತ ಕೂತೆ.

ಹೋಗಿದ್ದು ಹಳೆಯ ಎಲೆಕ್ಟ್ರಿಕ್ ಕಾರು ನೋಡಲು. ನನ್ನ ಹೆಂಡತಿ ಸುವರ್ಣಾ ನರ್ಸ್. ನಾವಿರುವುದು ಕೊಪ್ಪಳದಲ್ಲಿ, ಅವಳ ಡ್ಯೂಟಿ ಬೇವೂರಿನ ಆಚೆಗಿನ ಒಂದು ಹಳ್ಳಿಯಲ್ಲಿ. ಸಂಜೆ ಒಂದು ಹೆರಿಗೆ ತಡವಾದರೆ ಬಸ್ಸು ತಪ್ಪುತ್ತದೆ. ಬಸ್ಸು ತಪ್ಪಿದರೆ ಅವಳು ಅಲ್ಲೇ ಬೆಂಚಿನ ಮೇಲೆ ಮಲಗುತ್ತಾಳೆ. ಇಲ್ಲಿ ನಮ್ಮ ಪುಟ್ಟ ಮಗಳು ಊಟ ಬಿಟ್ಟು ಬಾಗಿಲು ನೋಡುತ್ತ ಕೂರುತ್ತಾಳೆ. ದಿನಾ ಪೆಟ್ರೋಲ್ ಹಾಕಿಸುವುದು ನಮ್ಮಿಂದಾಗದ ಮಾತು. ಹೊಸ ಎಲೆಕ್ಟ್ರಿಕ್ ಕಾರಿನ ಬೆಲೆ ಕೇಳಿಕೊಂಡು ಬಂದ ದಿನ ಇಬ್ಬರೂ ಬೇರೆ ವಿಷಯ ಮಾತಾಡಿದೆವು. ಹಾಗಾಗಿ ಹಳೆಯದು. ಒಮ್ಮೆ ಚಾರ್ಜ್ ಮಾಡಿದರೆ ಹೋಗಬೇಕು, ತಿರುಗಿ ಬರಬೇಕು. ನಡುವೆ ನಿಂತರೆ, ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಜಾಲಿ ಗಿಡ ಬಿಟ್ಟು ಬೇರೆ ಯಾರೂ ಇರುವುದಿಲ್ಲ.

ಕಾರಿನ ಮಾಲೀಕರು ವಿರೂಪಾಕ್ಷಪ್ಪನವರು, ಗೊಬ್ಬರದ ವ್ಯಾಪಾರಿ. ನನ್ನ ಸೋದರಮಾವನ ಬೀಗರು ಬೇರೆ. (ಎಡವಟ್ಟು ಶುರುವಾದದ್ದೇ ಇಲ್ಲಿಂದ.) ಬೀಗರ ಕಾರಿನಲ್ಲಿ ತಪ್ಪು ಹುಡುಕುವುದು ಹೇಗೆ?

ನಾನೇನೋ ತಯಾರಾಗಿಯೇ ಹೋಗಿದ್ದೆ. ಬ್ಯಾಟರಿ ಹೆಲ್ತ್ ಎಷ್ಟಿದೆ, ವಾರಂಟಿ ಹೊಸ ಓನರ್ ಹೆಸರಿಗೆ ಬರುತ್ತದೆಯೇ, ಫಾಸ್ಟ್ ಚಾರ್ಜಿಂಗ್ ಎಷ್ಟು ಮಾಡಿದ್ದಾರೆ, ಎಲ್ಲ ಬಾಯಿಪಾಠ. ಅಷ್ಟರಲ್ಲಿ ಮಂಡಕ್ಕಿ ಸೂಸಲ, ಮಿರ್ಚಿ ಭಜಿ ಬಂದವು. ಒಂದು ಮಿರ್ಚಿ ತಿಂದೆ. ಬ್ಯಾಟರಿ ಬಗ್ಗೆ ಕೇಳಲು ಸಂಕೋಚವಾಯಿತು. ಇನ್ನೊಂದು ತಿಂದೆ. ವಾರಂಟಿ ಕೇಳುವುದು ಅವರನ್ನು ಅನುಮಾನಿಸಿದಂತೆ ಅನ್ನಿಸಿತು. ಚಹಾ ಮುಗಿಯುವ ಹೊತ್ತಿಗೆ ನನ್ನ ಬಾಯಿಂದ ಹೊರಟ ಏಕೈಕ ತಾಂತ್ರಿಕ ಪ್ರಶ್ನೆ, ಬಣ್ಣ ಕಂಪನಿಯದ್ದೇ ಏನು ಎಂಬುದು. ಹೌದು ಅಂದರು. ಗಾಡಿ ಭಾಳ ಛಲೋ ಐತ್ರಿ ಅಂದೆ.

ನಾವು ಹೀಗೇಕೆ? ಸಂತೆಯಲ್ಲಿ ಪಾವು ಕಿಲೋ ಬದನೆಕಾಯಿ ತಗೊಳ್ಳುವಾಗ ಒಂದೊಂದನ್ನೂ ತಿರುಗಿಸಿ ಹುಳದ ತೂತು ನೋಡುತ್ತೇವೆ. ಜನ್ಮದ ಉಳಿತಾಯ ಸುರಿದು ಕಾರು ತಗೊಳ್ಳುವಾಗ ಟೈರಿಗೆ ಒಂದು ಸಲ ಒದ್ದು, ಗಟ್ಟಿ ಐತಿ ಎಂದು ತೀರ್ಪು ಕೊಡುತ್ತೇವೆ. ಪೆಟ್ರೋಲ್ ಕಾರಿನ ಕಾಲದಲ್ಲಿ ಇದಕ್ಕೊಂದು ಮರ್ಯಾದೆ ಇತ್ತು. ಬಾನೆಟ್ ಎತ್ತಿಸಿ, ಹೊಗೆಯ ಬಣ್ಣ ನೋಡಿ, ತಲೆ ಅಲ್ಲಾಡಿಸಬಹುದಿತ್ತು. ಎಲೆಕ್ಟ್ರಿಕ್ ಕಾರಿನಲ್ಲಿ ಹೊಗೆಯೂ ಇಲ್ಲ, ಸದ್ದೂ ಇಲ್ಲ. ಪ್ರತಿ ಓಣಿಗೆ ನಾಲ್ಕು ಜನ ಗಾಡಿ ಪಂಡಿತರು ಒಂದೇ ಏಟಿಗೆ ನಿರುದ್ಯೋಗಿಗಳಾದರು.

ಚಹಾದ ಹಂಗಿಲ್ಲದ ಸುವರ್ಣಾ ಮಾತ್ರ ಬದನೆಕಾಯಿಯ ನಿಯಮ ಬಿಡಲಿಲ್ಲ. ಒಂದು ರೌಂಡ್ ಓಡಿಸಿ ನೋಡುತ್ತೇನೆ ಅಂದಳು. ಓಣಿಯೊಳಗಲ್ಲ, ಊರ ಹೊರಗೆ ಅಂತಲೂ ಅಂದಳು. ವಿರೂಪಾಕ್ಷಪ್ಪನವರು ಅವಳ ಪಕ್ಕ ಕೂತರು, ನಾನು ಹಿಂದೆ. ಮಟಮಟ ಮಧ್ಯಾಹ್ನ. ಅವರು ಕಿಟಕಿ ಇಳಿಸಿ, ಹೊರಗಿನ ಗಾಳಿ ಆರೋಗ್ಯಕ್ಕೆ ಒಳ್ಳೆಯದು ಅಂದರು. ಅವಳು ಕಿಟಕಿ ಏರಿಸಿ ಎಸಿ ಹಾಕಿದಳು.

ನಾವು ಎಂಟು ಕಿಲೋಮೀಟರ್ ಹೋದೆವು. ಇನ್ನೆಷ್ಟು ದೂರ ಓಡುತ್ತದೆಂದು ಪರದೆಯ ಮೇಲೆ ತೋರಿಸುವ ರೇಂಜು ಇಪ್ಪತ್ತು ಕಿಲೋಮೀಟರ್ ಕಡಿಮೆಯಾಯಿತು. ಮಾಲೀಕರು ಮೊದಲು ಬಿಸಿಲನ್ನು ದೂರಿದರು, ಆಮೇಲೆ ಎಸಿಯನ್ನು. ಕೊನೆಗೆ, ಕಾರಿನಲ್ಲಿ ಮೂರು ಮಂದಿ ಇದ್ದೇವೆ ಎಂಬುದನ್ನು ಬಹಳ ಮೆಲ್ಲಗೆ ನೆನಪಿಸಿದರು. ಮೂರನೆಯವನಾಗಿ ನಾನು ಹಿಂದಿನ ಸೀಟಿನಲ್ಲಿ ಆದಷ್ಟು ಹಗುರಾಗಿ ಕೂತೆ. ರಸ್ತೆಯೂ ಸ್ವಲ್ಪ ಏರಿದೆ ಎಂದು ನನ್ನ ಕಡೆಯಿಂದ ಒಂದು ಮಾತು ಸೇರಿಸಿದೆ. (ಗಂಗಾವತಿಯ ಸುತ್ತ ಎಲ್ಲ ಭತ್ತದ ಗದ್ದೆ, ಹಾಸಿದ ಚಾಪೆಯಷ್ಟು ಸಪಾಟು.)

ಸುವರ್ಣಾ ಒಂದು ಬೇವಿನ ಗಿಡದ ನೆರಳಿಗೆ ಕಾರು ನಿಲ್ಲಿಸಿದಳು. ಬ್ಯಾಟರಿ ಬಗ್ಗೆ ಒಂದಕ್ಷರ ಕೇಳಲಿಲ್ಲ. ಆಗ ನಮಗೆ ಚಹಾ ತಂದುಕೊಟ್ಟ ಅವರ ಮಗಳ ಹೆಸರೇನು ಎಂದು ಕೇಳಿದಳು. ಗೀತಾ ಅಂದರು.

"ಗೀತಾನ್ನ ಈ ಗಾಡ್ಯಾಗ ಒಬ್ಬಾಕಿನ್ನ ಬೇವೂರಿಗೆ ಕಳಸ್ತೀರೇನ್ರಿ ಕಾಕಾರ?"

ವಿರೂಪಾಕ್ಷಪ್ಪನವರು ಕನ್ನಡಕ ತೆಗೆದರು, ಟವೆಲ್ಲಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಹೋಗಾಕ ಕಳಸ್ತೀನಿ, ತಂಗಿ," ಅಂದರು. "ಬರಾಕ ಬಸ್ಸಿಗೆ ಬಾ ಅಂತೀನಿ."

ಆಮೇಲೆ ಎಲ್ಲ ತಾವೇ ಹೇಳಿದರು. ಮೊನ್ನೆ ಕುಕನೂರಿಗೆ ಹೋಗಿ ಬರುವಾಗ ದಾರಿಯಲ್ಲಿ ನಿಂತಿತ್ತಂತೆ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದ್ದರಂತೆ. ಊರೊಳಗಿನ ಓಡಾಟಕ್ಕೆ ಏನೂ ತೊಂದರೆ ಇಲ್ಲ, ದೂರಕ್ಕೆ ನಂಬಿಕೆ ಇಲ್ಲ. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಯಾರೂ ಕೇಳಿರಲಿಲ್ಲ, ಅವರು ಹೇಳಿರಲಿಲ್ಲ, ಅಷ್ಟೆ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆದರೆ ಸಂಜೆ ಏಳರ ಹೊತ್ತಿಗೆ ಆ ಜಾಲಿ ಗಿಡಗಳ ನಡುವೆ ಈ ಕಾರು ನಿಂತು, ಒಳಗೆ ಸುವರ್ಣಾ ಒಬ್ಬಳೇ ಕೂತಿರುವುದು ಕಣ್ಣ ಮುಂದೆ ಬಂತು. ಹೆದರಿಕೆಯಾಯಿತು.

ಕಾರು ತಗೊಳ್ಳಲಿಲ್ಲ. ಇನ್ನು ಯಾವುದನ್ನೇ ನೋಡಿದರೂ ಅವಳ ದಾರಿಯಲ್ಲೇ, ಎಸಿ ಹಾಕಿಕೊಂಡು, ಹೋಗಿ ತಿರುಗಿ ಬಂದ ಮೇಲೆಯೇ ಮಾತು ಎಂದು ತೀರ್ಮಾನವಾಯಿತು. ಕೊಪ್ಪಳದ ಬಸ್ಸು ಹತ್ತಿದೆವು. ಅವಳು ಕಿಟಕಿ ಪಕ್ಕ ಕೂತಳು. ಎಂಥ ಪ್ರಶ್ನೆ ಕೇಳಿದೆ ನೀನು ಎಂದು ನಾನು ಅವಳನ್ನು ಹೊಗಳಿದೆ. ಅವಳು ನನ್ನ ಕಡೆ ತಿರುಗಿದಳು.

"ಅವರು ಆ ಗಾಡಿ ನಂಬಿ ಮಗಳನ್ನ ಕಳಸಂಗಿಲ್ಲ ಅಂದ್ರು. ನೀವು ನನ್ನ ಕಳಸಾಕ ತಯಾರಿದ್ರಿ, ಹೌದಿಲ್ರಿ?"