ಗ್ಯಾಸ್ಟ್ರಿಕ್ ಎಂದು ಹೇಳಿಕೊಂಡ ದಿನಗಳು

ನನಗೆ ಗ್ಯಾಸ್ಟ್ರಿಕ್ ಎಂದು ಮೊದಲು ಸಾರಿದವರು ನಮ್ಮತ್ತೆ. ಬೆಳಿಗ್ಗೆ ಆರು ಗಂಟೆ. ನಾನು ಬಚ್ಚಲಲ್ಲಿ ಬಗ್ಗಿ ನಿಂತು, ಹೊಟ್ಟೆಯಲ್ಲಿ ಇಲ್ಲದ್ದನ್ನೆಲ್ಲ ಕಕ್ಕುತ್ತಿದ್ದೆ. ಆ ಸದ್ದು ಕಿಟಕಿಯಿಂದ ಕೆಳಗಿನ ಅಂಗಳಕ್ಕೆ ಇಳಿದು, ಕಸ ಗುಡಿಸುತ್ತಿದ್ದ ಮನೆ ಓನರಮ್ಮನ ಕಿವಿಗೆ ಬಿತ್ತು. "ಯಾರ್ಗವ್ವಾ ಏನಾಯ್ತು?" ಎಂದು ಅವರು ಕೂಗಿದರು. ಅತ್ತೆ ಬಾಲ್ಕನಿಗೆ ಓಡಿಹೋಗಿ, "ನಮ್ ಸೊಸೆಗೆ ಗ್ಯಾಸ್ಟ್ರಿಕ್ ಕಣ್ರಮ್ಮಾ, ರಾತ್ರಿ ಬೋಂಡಾ ತಿಂದ್ಬಿಟ್ಲು" ಎಂದರು. ಬೋಂಡಾ ಎಲ್ಲಿಂದ ಬಂತೋ ದೇವರೇ ಬಲ್ಲ. ವಾರದಿಂದ ನನ್ನ ಗಂಟಲಲ್ಲಿ ಇಳಿದದ್ದು ಕಡಲೆಪುರಿ ಮತ್ತು ನೀರು ಮಜ್ಜಿಗೆ, ಅದೂ ಅರ್ಧ ದಾರಿಯಿಂದ ವಾಪಸ್ಸು.

ಸುಳ್ಳಿಗೆ ಕಾರಣವಿತ್ತು. ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿ ಮನೆಯಿಂದ ಆಚೆ ಹೋಗಬಾರದು ಎನ್ನುವುದು ಅತ್ತೆಯ ಕಡೆಯವರ ನಿಯಮ. ಹಿಂದಿನ ವರ್ಷ ಮೊದಲ ಸಲ ಮುಟ್ಟು ನಿಂತಾಗ ನಾವು ಆ ನಿಯಮ ಮುರಿದಿದ್ದೆವು. ನಾನೇ ಮುರಿದದ್ದು. ಖುಷಿ ತಡೆಯಲಾಗದೆ ಸ್ಕೂಲಿನ ಸ್ಟಾಫ್ ರೂಮಿಗೆಲ್ಲ ಮೈಸೂರು ಪಾಕ್ ಹಂಚಿದ್ದೆ. ಒಂಬತ್ತನೇ ವಾರದಲ್ಲಿ ಒಂದು ಬೆಳಿಗ್ಗೆ ವಾಂತಿ ಇದ್ದಕ್ಕಿದ್ದಂತೆ ನಿಂತಿತು. ಅಬ್ಬಾ, ಕೊನೆಗೂ ಬಿಡುಗಡೆ ಎಂದುಕೊಂಡು ಮೂರು ದೋಸೆ ತಿಂದೆ. ಹತ್ತು ದಿನ ಕಳೆದು ಸ್ಕ್ಯಾನಿಂಗಿಗೆ ಹೋದಾಗ ಡಾಕ್ಟರ್ ಸ್ಕ್ರೀನನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಎದೆಬಡಿತ ನಿಂತು ಹೋಗಿತ್ತು. ನಾನು ದೋಸೆ ತಿನ್ನುವ ಹೊತ್ತಿಗೇ ನಿಂತಿತ್ತೇನೋ, ಯಾರಿಗೆ ಗೊತ್ತು.

ಅತ್ತೆ ಆಗ ಬೈಯಲಿಲ್ಲ. "ಎಲ್ಲಾರ್ಗೂ ಹೇಳ್ಬಿಟ್ವಿ" ಎಂದು ಒಂದೇ ಒಂದು ಸಲ ಅಂದರು, ಅದೂ ಗೋಡೆಯ ಕಡೆ ನೋಡಿಕೊಂಡು. ಬೈದಿದ್ದರೆ ಜಗಳವಾಡಬಹುದಿತ್ತು. ಜಗಳವಾಡಲು ನನಗೆ ಚೆನ್ನಾಗಿ ಬರುತ್ತದೆ.

ಹಾಗಾಗಿ ಈ ಸಲ ಬಾಯಿಗೆ ಬೀಗ. ಅಮೃತಹಳ್ಳಿಯ ನಮ್ಮ ಬೀದಿಗೆ, ನನ್ನ ಸ್ಕೂಲಿಗೆ, ನಮ್ಮಪ್ಪನ ಮನೆಗೂ ಗ್ಯಾಸ್ಟ್ರಿಕ್. ವಿಷಯ ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ: ನನಗೆ, ಅತ್ತೆಗೆ, ನನ್ನ ಗಂಡನಿಗೆ. ಗಂಡ ಕಾರಿನ ಸರ್ವೀಸ್ ಸೆಂಟರಿನಲ್ಲಿ ಕೆಲಸ ಮಾಡುತ್ತಾರೆ, ಮೊದಲಿನಿಂದಲೂ ಮಾತು ಕಡಿಮೆ. ಟೆಸ್ಟಿನ ಎರಡು ಗೆರೆ ತೋರಿಸಿದಾಗ "ಓ" ಎಂದರು. ನಾನೂ "ಹೂಂ" ಎಂದೆ. ಅಲ್ಲಿಗೆ ಮುಗಿಯಿತು. ಇಬ್ಬರೂ ಒಂದು ಬಸ್ಸಿಗೆ ಕಾಯುತ್ತಾ ಅದು ಬರುವುದಿಲ್ಲವೆಂದು ಮೊದಲೇ ತಿಳಿದವರ ಹಾಗೆ ನಿಂತಿದ್ದೆವು.

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖವೂ ಇಲ್ಲ, ಸಂತೋಷವೂ ಇಲ್ಲ. ವಾಂತಿ ಮಾತ್ರ ಇತ್ತು. ಅದು ಬರುತ್ತಿತ್ತು, ಹೋಗುತ್ತಿತ್ತು, ನಾನು ಬಾಯಿ ಮುಕ್ಕಳಿಸಿ ಬರುತ್ತಿದ್ದೆ. ನಾನು ಎರಡನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತೇನೆ. ಮಧ್ಯಾಹ್ನ ಊಟದ ಬೆಲ್ ಆದ ಕೂಡಲೇ ಮೂವತ್ತಾರು ಡಬ್ಬಿಗಳು ಒಟ್ಟಿಗೆ ತೆರೆಯುತ್ತವೆ. ಪುಳಿಯೋಗರೆ, ಮೊಟ್ಟೆ ಪಲ್ಯ, ಬೆಳ್ಳುಳ್ಳಿ ಹಾಕಿದ ಚಿತ್ರಾನ್ನ, ಯಾರದ್ದೋ ನಿನ್ನೆಯ ಬಿರಿಯಾನಿ. ಆ ವಾಸನೆಗೆ ಗೋಡೆ ಹಿಡಿದುಕೊಂಡು ಟಾಯ್ಲೆಟ್ಟಿಗೆ ನಡೆಯುತ್ತಿದ್ದೆ. ಹಿಂದಿನಿಂದ ಮಕ್ಕಳು "ಮಿಸ್‌ಗೆ ಗ್ಯಾಸ್ಟ್ರಿಕ್" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದವು. ಸ್ಟಾಫ್ ರೂಮಿನಲ್ಲಿ ಇಬ್ಬರು ಮಿಸ್‌ಗಳು ನನ್ನ ಹೊಟ್ಟೆಯ ಕಡೆ ನೋಡಿ ಮುಖ ತಿರುಗಿಸಿಕೊಂಡಿದ್ದರು. ಹಿಂದಿನ ವರ್ಷ ಮೈಸೂರು ಪಾಕ್ ತಿಂದವರು ಅವರು. ಪಾಪ, ಅವರಿಗೂ ಕೇಳಲು ಧೈರ್ಯವಿರಲಿಲ್ಲ.

ಮನೆಯಲ್ಲಿ ಅತ್ತೆ ಒಗ್ಗರಣೆ ನಿಲ್ಲಿಸಿದರು. ಸಾಸಿವೆ ಚಟಪಟ ಎಂದರೆ ಸಾಕು, ನನ್ನ ಕರುಳು ಬಾಯಿಗೆ ಬರುತ್ತಿತ್ತು. ಒಗ್ಗರಣೆಯಿಲ್ಲದ ಸಾರನ್ನು ಗಂಡ ತುಟಿ ಪಿಟಕ್ ಎನ್ನದೆ ಉಂಡರು. ಕೊತ್ತಂಬರಿ ಬೀಜದ ಕಷಾಯ, ಶುಂಠಿ ಚೂರು, ಮೂಸುವುದಕ್ಕೆ ಒಂದು ನಿಂಬೆಹಣ್ಣು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ತಿನ್ನು ಎಂದು ತಲೆದಿಂಬಿನ ಪಕ್ಕ ಎರಡು ರಸ್ಕ್ ಇಟ್ಟಿರುತ್ತಿದ್ದರು. ನಾನು ಬಚ್ಚಲಲ್ಲಿದ್ದಾಗ ಬಾಗಿಲಾಚೆ ನಿಂತಿರುತ್ತಿದ್ದರು. ನನ್ನ ಓಕರಿಕೆ ಕೇಳಿದ ಮೇಲೆ ಅವರ ಕಾಲ ಹೆಜ್ಜೆ ಅಡುಗೆಮನೆ ಕಡೆಗೆ ಹೋಗುತ್ತಿತ್ತು. ಅವರು ನನ್ನ ವಾಂತಿಯನ್ನು ಕಾಯುತ್ತಿದ್ದಾರೆ ಎಂದು ನನಗೆ ಅರ್ಥವಾಗಲು ಬಹಳ ದಿನ ಬೇಕಾಗಲಿಲ್ಲ. ವಾಂತಿ ಇದೆ ಎಂದರೆ ಅದು ಒಳಗೆ ಇದೆ. ನಮ್ಮಿಬ್ಬರಿಗೂ ಬೇರೆ ಯಾವ ಖಾತ್ರಿಯೂ ಇರಲಿಲ್ಲ. ಡಾಕ್ಟರ್ ಒಂಬತ್ತು ವಾರ ತುಂಬಿದ ಮೇಲೆ ಬನ್ನಿ, ಸ್ಕ್ಯಾನ್ ಮಾಡೋಣ ಎಂದಿದ್ದರು.

ಗ್ಯಾಸ್ಟ್ರಿಕ್ ಎಂದು ಹೇಳಿದರೆ ಜನ ಸುಮ್ಮನಿರುತ್ತಾರೆಯೇ? ನಮ್ಮ ಬೀದಿಯಲ್ಲಂತೂ ಇಲ್ಲ. ಎದುರುಮನೆಯಿಂದ ಓಮದ ನೀರು ಬಂತು, ಮೆಡಿಕಲ್ ಸ್ಟೋರಿನವನು ಪುಡಿಯ ಪ್ಯಾಕೆಟ್ಟು ಕೊಟ್ಟ. ಎಲ್ಲವನ್ನೂ ಅತ್ತೆ ನಗುನಗುತ್ತಾ ಇಸಿದುಕೊಂಡು ಸಿಂಕಿಗೆ ಸುರಿದರು. ಅದು ಸುಲಭವಾಗಿತ್ತು. ಕಷ್ಟ ಬಂದದ್ದು ಓನರಮ್ಮನಿಂದ.

ಓನರಮ್ಮನಿಗೆ ಎಪ್ಪತ್ತು ದಾಟಿದೆ. ಹಿಂದೆ ಈ ಬೀದಿಯೆಲ್ಲ ಅವರ ಮನೆಯವರ ರಾಗಿ ಹೊಲವಾಗಿತ್ತಂತೆ. ಈಗ ಅದೇ ಜಾಗದಲ್ಲಿ ಮಕ್ಕಳು ಕಟ್ಟಿಸಿದ ನಾಲ್ಕು ಬಿಲ್ಡಿಂಗ್. ಬೆಳೆ ಬೆಳೆಯುವ ಕೈ ಸುಮ್ಮನಿರದೆ ನೀರಿನ ಸಂಪಿನ ಪಕ್ಕದ ಎರಡಡಿ ಮಣ್ಣಿನಲ್ಲಿ ಅವರು ಏನಾದರೂ ಒಂದು ನೆಟ್ಟಿರುತ್ತಾರೆ. ಆ ವರ್ಷ ಪರಂಗಿ ಗಿಡ ಕಾಯಿ ಬಿಟ್ಟಿತ್ತು. ಒಂದು ಭಾನುವಾರ ಮಧ್ಯಾಹ್ನ, ನನಗೆ ಎಂಟನೇ ವಾರ ಮುಗಿಯುತ್ತಿದ್ದಾಗ, ತಟ್ಟೆಯಲ್ಲಿ ಹಣ್ಣು ಹೆಚ್ಚಿಕೊಂಡು, ಮಂಡಿನೋವಿನಲ್ಲೂ ಎರಡು ಮಹಡಿ ಹತ್ತಿ ಬಂದರು.

"ತಗೋ ಮಗಾ. ಗಿಡದಾಗೇ ಅಣ್ಣಾಗಿದ್ದು, ಔಸ್ದಿ ಒಡೆದಿದ್ದಲ್ಲ. ಒಟ್ಟೆ ಕೆಟ್ಟೋರ್ಗೆ ಇದ್ರಂಥದ್ದು ಇನ್ನೊಂದಿಲ್ಲ."

ಬಸುರಿಯ ಬಾಯಿಗೆ ಪರಂಗಿ ಬೀಳಬಾರದು ಎನ್ನುವುದು ನಮ್ಮಲ್ಲಿ ಚಿಕ್ಕ ಹುಡುಗಿಗೂ ಗೊತ್ತು. ಓನರಮ್ಮನಿಗೆ ಗೊತ್ತಿಲ್ಲದೆ ಇರುತ್ತದೆಯೇ? ನನ್ನ ವಿಷಯ ಗೊತ್ತಿದ್ದರೆ ಆ ತಟ್ಟೆಯನ್ನು ನಮ್ಮ ಹೊಸ್ತಿಲು ದಾಟಿಸುತ್ತಿರಲಿಲ್ಲ ಆಕೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತುಬಿಟ್ಟರು. "ಅಲ್ಲಿಡಿ ಅಮ್ಮಾ, ಆಮೇಲೆ ತಿಂತಾಳೆ" ಎಂದರು.

"ಆಮೇಲೆ ಗೀಮೇಲೆ ಬ್ಯಾಡ. ಈ ಕಾಲದೋರು ಫ್ರಿಜ್ಜಿಗಾಕಿ ಮರೀತೀರ. ನನ್ ಮುಂದ್ಲೇ ತಿನ್ಲಿ, ತಟ್ಟೆ ತಕ್ಕೊಂಡೋಯ್ತೀನಿ" ಎಂದು ಓನರಮ್ಮ ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು.

ನೆಗಡಿ ಎನ್ನಬಹುದಿತ್ತು. ಸೋಮವಾರದ ಹರಕೆ, ಭಾನುವಾರದ ಉಪವಾಸ, ಬಾಯಿಗೆ ಬಂದದ್ದು ಹೇಳಬಹುದಿತ್ತು. ಎರಡನೇ ಕ್ಲಾಸಿನ ಮಕ್ಕಳು ಹೋಂವರ್ಕ್ ಮಾಡದಿದ್ದಕ್ಕೆ ಹೇಳುವ ನೆಪಗಳೇ ನನ್ನ ಹತ್ತಿರ ಐವತ್ತಿದ್ದವು. ಆದರೂ ಕೈ ಚಾಚಿ ಒಂದು ಹೋಳು ಬಾಯಿಗಿಟ್ಟೆ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದ ಮಾತು ಇಷ್ಟೇ: ಹೋಗುವುದಿದ್ದರೆ ಈಗಲೇ ಹೋಗಲಿ, ನನ್ನನ್ನು ಇನ್ನು ಕಾಯಿಸುವುದು ಬೇಡ. ಕೋಪವಿಲ್ಲ, ಅಳುವಿಲ್ಲ. ಹಾಲಿನವನಿಗೆ ನಾಳೆ ಬೇಡ ಎಂದು ಹೇಳುವಷ್ಟು ಸಲೀಸಾಗಿ ಅಂದುಕೊಂಡೆ. ಎರಡನೆಯ ಹೋಳು ತಿಂದೆ. ಮೂರನೆಯದನ್ನೂ ತಿಂದೆ. ನನ್ನ ನಾಚಿಕೆಗೆ ಹಣ್ಣು ಜೇನಿನಷ್ಟು ಸಿಹಿಯಾಗಿತ್ತು. ಮೂರು ವಾರದ ನಂತರ ನನ್ನ ನಾಲಿಗೆಗೆ ರುಚಿಸಿದ ಮೊದಲ ವಸ್ತು ಅದು, ಮತ್ತು ಅದು ಹೊಟ್ಟೆಯಲ್ಲೇ ಉಳಿಯಿತು.

ಓನರಮ್ಮ ತೃಪ್ತಿಯಿಂದ ತಟ್ಟೆ ಹಿಡಿದು ಇಳಿದುಹೋದರು. ಅತ್ತೆ ಬಾಗಿಲು ಹಾಕಿ ಬಂದು ನನ್ನ ಮುಂದೆ ನಿಂತರು. ಆಮೇಲೆ ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತರು. ಅದು ಮೊದಲೇ ಆರಿಸಿಟ್ಟ ಅಕ್ಕಿ.

ಮಾರನೆಯ ಬೆಳಿಗ್ಗೆ ವಾಂತಿ ಬರಲಿಲ್ಲ.

ಬಚ್ಚಲಲ್ಲಿ ನಲ್ಲಿ ಹಿಡಿದುಕೊಂಡು ಹತ್ತು ನಿಮಿಷ ನಿಂತೆ. ಬಾಗಿಲಾಚೆ ಅತ್ತೆ ನಿಂತಿರುವುದು ಗೊತ್ತಾಗುತ್ತಿತ್ತು. "ಬಂತಾ?" ಎಂದರು. "ಇಲ್ಲ" ಎಂದೆ. ಮಧ್ಯಾಹ್ನ ಸ್ಕೂಲಿನಲ್ಲಿ ಮೂವತ್ತಾರು ಡಬ್ಬಿಗಳು ತೆರೆದವು, ನಾನು ಕುರ್ಚಿಯಲ್ಲೇ ಕೂತಿದ್ದೆ. ಸಂಜೆ ಅತ್ತೆ ಬೇಕೆಂದೇ ಸಾರಿಗೆ ಇಂಗು ಹಾಕಿ ಒಗ್ಗರಣೆ ಕೊಟ್ಟರು. ಮನೆ ತುಂಬಾ ಘಮ್ಮೆಂದಿತು. ಮೂವರೂ ನನ್ನ ಹೊಟ್ಟೆ ಏನು ಹೇಳುತ್ತದೋ ಎಂದು ಕಾದೆವು. ಅದು ಏನೂ ಹೇಳಲಿಲ್ಲ. ಗಂಡ ಅನ್ನ ಕಲಸುತ್ತಾ, "ನಿಂತ್ರೆ ಒಳ್ಳೇದೇ ಅಲ್ವಾ..." ಎಂದು ಶುರು ಮಾಡಿ, ಹಿಂದಿನ ವರ್ಷದ್ದು ನೆನಪಾಗಿ, ತಟ್ಟೆಯಲ್ಲಿ ಕೈ ತೊಳೆದುಬಿಟ್ಟರು.

ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಅತ್ತೆ ಸೀರೆ ಉಟ್ಟು ರೆಡಿಯಾಗಿ ನಿಂತಿದ್ದರು. "ನಡಿ. ಡೇಟು ಗೀಟು ಅಂತ ಕಾಯೋಕಾಗಲ್ಲ ನನ್ ಕೈಲಿ" ಎಂದರು. ಗಂಡನಿಗೆ ರಜೆ ಸಿಗಲಿಲ್ಲ. ನಾವಿಬ್ಬರೇ ಆಟೋ ಹಿಡಿದು ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಹೊರಟೆವು. ಫ್ಲೈಓವರಿನ ಕೆಳಗೆ ಎಂದಿನಂತೆ ಟ್ರಾಫಿಕ್ ಜಾಮ್. ಡೀಸೆಲ್ ಹೊಗೆ ಮುಖಕ್ಕೆ ರಾಚುತ್ತಿತ್ತು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಮೂಗಿನ ಮೇಲೆ ಕರ್ಚೀಫು ಇಟ್ಟುಕೊಳ್ಳುವ ಅಗತ್ಯವೂ ನನಗೆ ಬೀಳಲಿಲ್ಲ.

ಸ್ಕ್ಯಾನಿಂಗ್ ರೂಮಿನಲ್ಲಿ ನಾನು ಮೇಲೆ ಛಾವಣಿಯನ್ನು ನೋಡುತ್ತಾ ಮಲಗಿದೆ. ಸ್ಕ್ರೀನ್ ಕಡೆ ನೋಡುವುದಿಲ್ಲ ಎಂದು ತೀರ್ಮಾನಿಸಿದ್ದೆ. ಡಾಕ್ಟರ್ ಮಾತಾಡುತ್ತಿರಲಿಲ್ಲ. ಈ ಮೌನ ನನಗೆ ಪರಿಚಯದ್ದು. ಸರಿ, ಮುಗಿಯಿತು, ಇನ್ನು ಎದ್ದು ಹೋಗುವುದು, ಸ್ಕೂಲಿಗೆ ಎಷ್ಟು ದಿನ ರಜೆ ಹಾಕುವುದು ಎಂದು ಲೆಕ್ಕ ಹಾಕಲು ಶುರು ಮಾಡಿದ್ದೆ.

"ನೋಡಿ, ಈ ಕಡೆ ತಿರುಗಿ. ಮಿಣುಕ್ತಾ ಇದೆಯಲ್ಲಾ? ಅದೇ ಹಾರ್ಟು. ಚೆನ್ನಾಗಿ ಬಡ್ಕೊಳ್ತಾ ಇದೆ" ಎಂದರು ಡಾಕ್ಟರ್.

ತಿರುಗಿದೆ. ಕಪ್ಪು ಬಿಳುಪಿನ ಮಸುಕಿನಲ್ಲಿ ಒಂದು ಕಾಳಿನಷ್ಟು ಏನೋ ಮಿಣ ಮಿಣ ಎನ್ನುತ್ತಿತ್ತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅದರೊಳಗಿಂದಲೇ ಪರಂಗಿ ಹಣ್ಣಿನ ವಿಷಯ ಕೇಳಿದರು. ಡಾಕ್ಟರ್ ನಕ್ಕು, ಚೆನ್ನಾಗಿ ಹಣ್ಣಾಗಿದ್ದರೆ ಮೂರು ಹೋಳಿಗೆ ಏನೂ ಆಗುವುದಿಲ್ಲ, ವಾಂತಿ ಕೆಲವರಿಗೆ ಹೀಗೆ ನಿಲ್ಲುತ್ತದೆ, ಮತ್ತೆ ಬರಲೂಬಹುದು ಎಂದರು.

ಹೊರಗೆ ಕಾರಿಡಾರಿನಲ್ಲಿ ಕಬ್ಬಿಣದ ಬೆಂಚಿನ ಮೇಲೆ ಕೂತೆವು. ಅತ್ತೆ ನೀರಿನ ಬಾಟಲಿ ಕೊಟ್ಟರು. ನಾನು ಕುಡಿಯಲಿಲ್ಲ.

"ಅತ್ತೆ, ಅವತ್ತು ನಾನು ಓನರಮ್ಮನ ದಾಕ್ಷಿಣ್ಯಕ್ಕೆ ತಿನ್ಲಿಲ್ಲ. ಹೋಗೋದಾದ್ರೆ ಹೋಗ್ಲಿ ಅಂತ ತಿಂದೆ."

ಬೈಯಲಿ ಎಂದು ಕಾದೆ. ಕೈ ಎತ್ತಿದ್ದರೂ ಸುಮ್ಮನಿರುತ್ತಿದ್ದೆ. ಅವರು ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಾ ಕೂತರು.

"ನಾನೂ ಅಲ್ಲೇ ನಿಂತಿದ್ನಲ್ಲೇ" ಎಂದರು ಕೊನೆಗೆ. "ಅವ್ಳು ಬಸ್ರಿ ಕಣಮ್ಮಾ ಅಂದಿದ್ರೆ ಆ ತಾಯಿ ತಟ್ಟೆ ಕಿತ್ಕೊಂಡು ಓಡ್ತಿತ್ತು. ನೀನು ಒಂದ್ ಹೋಳು ತಿಂದೆ. ಈಗ ಹೇಳ್ಳಾ ಅನ್ಕೊಂಡೆ. ಎರಡು ತಿಂದೆ. ಮೂರು ತಿಂಗ್ಳು ತುಂಬಿಲ್ವಲ್ಲ, ಹೇಳಿದ್ರೆ ಮತ್ತೆ ಹಂಗೇ ಆಗ್ಬಿಟ್ರೆ ಅಂತ ನಾಲಿಗೆ ಕಚ್ಕೊಂಡು ನಿಂತೆ. ಆಮೇಲೆ ನಿನ್ ಮುಂದೆ ಬಾಯಿ ಬಿಡೋಕೆ ನಂಗೆ ಯಾವ ಮುಖ ಇತ್ತು?"

ಅವರ ಗಲ್ಲ ನಡುಗುತ್ತಿತ್ತು. ನಮ್ಮತ್ತೆಯ ಗಲ್ಲ ನಡುಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೂ ಏನೋ ಆಗುತ್ತಿತ್ತು. ಮೊದಲು ವಾಕರಿಕೆ ಎಂದುಕೊಂಡೆ. ಅಲ್ಲ. ಕೈ ತಣ್ಣಗಾಗಿ, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

"ಭಯ ಆಗ್ತಿದೆ ಅತ್ತೆ" ಎಂದೆ. "ತುಂಬಾ ಭಯ ಆಗ್ತಿದೆ. ಅದು ಹೋಗ್ಬಾರ್ದು."

ಅವರು ನನ್ನ ಎರಡೂ ಕೈಗಳನ್ನು ತಮ್ಮ ಮಡಿಲಿಗೆ ಎಳೆದುಕೊಂಡು ತಿಕ್ಕತೊಡಗಿದರು. ಎದುರಿನ ಬೆಂಚಿನಲ್ಲಿ ಟೋಕನ್ ಹಿಡಿದು ಕೂತಿದ್ದ ಹೆಂಗಸು ಕುತೂಹಲದಿಂದ ನೋಡಿ, "ಏನಾಯ್ತು ಆಂಟೀ? ಹುಷಾರಿಲ್ವಾ ಅವ್ರಿಗೆ?" ಎಂದು ಕೇಳಿದಳು. ಅತ್ತೆಯ ಬಾಯಿ ಅಭ್ಯಾಸಬಲದಿಂದ ಗ್ಯಾ ಎನ್ನುವವರೆಗೆ ಹೋಗಿ, ಅಲ್ಲಿ ನಿಂತಿತು. ನನ್ನ ಮುಖ ನೋಡಿದರು. ನಾನು ಹೂಂ ಎಂದು ತಲೆಯಾಡಿಸಿದೆ.

"ನನ್ ಸೊಸೆ ಬಸ್ರಿ ಕಣಮ್ಮಾ" ಎಂದರು ಅತ್ತೆ, ಇಡೀ ಕಾರಿಡಾರಿಗೆ ಕೇಳುವ ಹಾಗೆ.