ಉಣ್ಣಿಗೆ ಹಚ್ಚಿದ ಔಷಧಿ

ಕರು ಸಾಯುವುದನ್ನು ನಾನು ನೋಡಿಲ್ಲ. ಆದರೂ ನೋಡಿದ ಹಾಗೆ ನೆನಪಿದೆ. (ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ಸ್ವಲ್ಪ ಹುಷಾರಾಗಿರಿ.)

ಹೋದ ವಾರ ಗುರುಪುರದ ಹತ್ತಿರವಿರುವ ಚಿಕ್ಕಮ್ಮನ ಮನೆಗೆ ಹೋದಾಗ ಕರುವಿನ ಮೇಲೆ ಆಗಲೇ ಗೋಣಿಚೀಲ ಹೊದಿಸಿದ್ದರು. ಪಕ್ಕದಲ್ಲಿ ತಾಯಿ ಹಸು ಜೊಲ್ಲು ಸುರಿಸುತ್ತಾ ನಡುಗುತ್ತಿತ್ತು. ಪಶು ಡಾಕ್ಟರ್ ಇಂಜೆಕ್ಷನ್ ಕೊಟ್ಟು, ಸೋಪು ಹಾಕಿ ಅದರ ಮೈ ತೊಳೆಸುತ್ತಿದ್ದರು. ಏನು ಹಚ್ಚಿದಿರಿ ಎಂದು ಕೇಳಿದರು. ಚಿಕ್ಕಪ್ಪ ಚಿಕ್ಕಮ್ಮನ ಮುಖ ನೋಡಿದರು. ಚಿಕ್ಕಮ್ಮ ನೆಲ ನೋಡುತ್ತಾ ಹೇಳಿದರು.

"ಉಣ್ಣಿ ಕಾಟ ಸಾ. ಸಸಿಗೊಡ್ದು ಮಿಕ್ಕಿದ್ ಔಷ್ದಿ ಇತ್ತು."

ಹೊಗೆಸೊಪ್ಪಿನ ಸಸಿಗೆ ಹೊಡೆದು ಕ್ಯಾನಿನ ತಳದಲ್ಲಿ ಉಳಿದದ್ದು. ಚೆಲ್ಲುವುದೇಕೆ? ಎಲೆಯ ಮೇಲಿನ ಹುಳ ಸತ್ತರೆ ಹಸುವಿನ ಮೇಲಿನ ಹುಳವೂ ಸಾಯಬೇಕಲ್ಲ? ಹಳೇ ಬಟ್ಟೆ ಅದ್ದಿ ಹಸುವಿನ ಮೈಗೆಲ್ಲ ಒರೆಸಿದ್ದರು. ಬಟ್ಟೆಯಲ್ಲಿ ಇನ್ನೂ ಪಸೆಯಿತ್ತು. ಕರುವಿಗೂ ಸವರಿದ್ದರು. ನಮ್ಮ ಕಡೆ ಹೀಗೆ ಮಾಡುವವರು ಇವರೊಬ್ಬರೇನಾ?

ನಾನು ಓದಿದ್ದು ಬಯೋಕೆಮಿಸ್ಟ್ರಿ. ನರ ಕಳಿಸಿದ ಸಂದೇಶ ಸ್ನಾಯುವಿಗೆ ಮುಟ್ಟಿದ ಮೇಲೆ ಅದನ್ನು ಅಳಿಸಲು ಒಂದು ಕಿಣ್ವವಿದೆ. ಇಂಥ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಸಂದೇಶ ನಿಲ್ಲುವುದೇ ಇಲ್ಲ. ಜೊಲ್ಲು, ನಡುಕ, ಕೊನೆಗೆ ಉಸಿರುಗಟ್ಟುವುದು. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೆ. ಕೊಟ್ಟಿಗೆಯಲ್ಲಿ ನಿಂತಾಗ ಅದರಿಂದ ಏನು ಪ್ರಯೋಜನವಾಯಿತು?

ಹಸು ಉಳಿಯಿತು. ಹಾಲನ್ನು ಸದ್ಯಕ್ಕೆ ಯಾರೂ ಕುಡಿಯಬಾರದು, ಡೈರಿಗೂ ಹಾಕಬಾರದು ಎಂದು ಡಾಕ್ಟರ್ ಹೇಳಿಹೋದರು. ಸಂಜೆ, ಕರುವನ್ನು ಹೂತು ಬಂದ ಮೇಲೆ, ಚಿಕ್ಕಮ್ಮ ಹಸುವಿನ ಹಾಲು ಕರೆದು ಅದನ್ನೆಲ್ಲ ಗುಂಡಿಗೆ ಸುರಿದರು. ಹಸು ಕರುವಿಗಾಗಿ ಕೂಗುತ್ತಲೇ ಇತ್ತು.

ಖಾಲಿ ಬಕೆಟ್ ಹಿಡಿದೇ ಅವರು ನನ್ನ ಹತ್ತಿರ ಬಂದರು.

"ನೀನು ಓದಿರೋಳು, ಯೋಳಮ್ಮಿ. ಸಾಯೋವಾಗ ಅದ್ಕೆ ಬಾಳ ನೋವಾಯ್ತಾ?"

ಇಲ್ಲ ಚಿಕ್ಕಮ್ಮ, ಅದಕ್ಕೆ ಗೊತ್ತೇ ಆಗಿರುವುದಿಲ್ಲ ಅಂದೆ.

ಅವರು ಬಕೆಟ್ಟನ್ನು ಗೋಡೆ ಬದಿಗೆ ಬೋರಲು ಹಾಕಿದರು.

"ಉಸ್ರಿಗೆ ಒದ್ದಾಡ್ತಿದ್ದಾಗ ನನ್ ತೊಡೆ ಮ್ಯಾಲೇ ಇತ್ತು ಕಣಮ್ಮಿ."

ಎಲ್ಲ ಗೊತ್ತಿದ್ದೂ ನನ್ನನ್ನು ಯಾಕೆ ಕೇಳಿದರು?